ಓದಬಹುದು, ಬರೆಯಲಾಗದು

ತೋಟದಲ್ಲಿ ನನ್ನನ್ನು ಕರೆಯುವುದು ರೈಟರಮ್ಮ ಎಂದು.
ಶುಕ್ರವಾರ ಬೆಳಿಗ್ಗೆ ಆಫೀಸಿನ ಕಂಪ್ಯೂಟರು
ಕಪ್ಪು ಪರದೆಯ ಮೇಲೆ ಬಿಳಿಯಲ್ಲಿ ಹೇಳಿತು:
ಈ ಡಿಸ್ಕನ್ನು ಓದಬಹುದು, ಬರೆಯಲಾಗದು.

ರಾತ್ರಿ ಹೊಸ ಆವೃತ್ತಿ ಇಳಿಯಲೆಂದು ಬಿಟ್ಟು ಹೋಗಿದ್ದೆ,
ಬಾಗಿಲು ಎಳೆದುಕೊಂಡಾಗ ಶೇಕಡಾ ಎಪ್ಪತ್ತೆರಡು.
ಆಮೇಲೆ ಕರೆಂಟು ಹೋಯಿತಂತೆ, ಬಂತಂತೆ, ಹೋಯಿತಂತೆ.
ಪಲ್ಪರ್ ಮನೆ ಕಾಯುವ ತೋಲ ಎಣಿಸಿದ್ದಾನೆ, ಮೂರು ಸಲ.
ಯುಪಿಎಸ್ ಬ್ಯಾಟರಿ ಹೋದ ಆಷಾಢದಲ್ಲೇ ಸತ್ತಿತ್ತು.
ಇಂಡೆಂಟ್ ಹಾಕಿದ್ದೆ, ಎರಡು ಸಲ.
ನಾಳೆ ಬಟವಾಡೆ.

ಸಿಗ್ನಲ್ ಸಿಗುವುದು ಕಣದ ಆಚೆ ಮೂಲೆಯಲ್ಲಿ,
ಒಂದು ಕಾಲು ಕಟ್ಟೆಯ ಮೇಲಿಟ್ಟರೆ ಮಾತ್ರ.
ನೆಲ್ಯಹುದಿಕೇರಿಯ ಅಂಗಡಿಯಿಂದ ಷಂಶೀರ್ ಹೇಳುತ್ತಾನೆ,
ಬಾಯಿಪಾಠ ಮಾಡಿಕೊಂಡು ಆಫೀಸಿಗೆ ಓಡುತ್ತೇನೆ,
ನೂರಿಪ್ಪತ್ತು ಹೆಜ್ಜೆ, ಹರವಿದ ಚೆರಿಯನ್ನು ಬಳಸಿಕೊಂಡು.

ಏನೂ ಬರೆಯಬೇಡಿ ಅಕ್ಕ, ಅದೇ ಮೊದಲ ಮದ್ದು.
ಮುರಿದದ್ದನ್ನು ಮುರಿದ ಹಾಗೇ ನಕಲು ಮಾಡಿ,
ಆಮೇಲೆ ನಕಲಿನ ಮೇಲೆ ಕೈಯಾಡಿಸಿ.
ನಾಲ್ಕು ಗಂಟೆ ಹಿಡಿಯಿತು ಮುರುಕಿನ ನಕಲಿಗೆ.
ಅಷ್ಟರಲ್ಲಿ ಗೊಬ್ಬರದ ಬಿಲ್ಲಿನ ಬೆನ್ನಿಗೆ
ಪೆನ್ಸಿಲಿನಲ್ಲಿ ಅಂದಿನ ತೂಕ ಬರೆದೆ.

ಸೂಪರ್‌ಬ್ಲಾಕ್ ಕೆಟ್ಟಿದೆ ಎಂದಿತು.
ಷಂಶೀರ್ ನಕ್ಕ: ಡಿಸ್ಕು ಜಾಣ,
ತನ್ನ ಜಾತಕದ ಪ್ರತಿಗಳನ್ನು ಅಲ್ಲಲ್ಲಿ ಹೂತಿಟ್ಟಿರುತ್ತದೆ,
ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟರಲ್ಲಿ ಅಗೆದು ನೋಡಿ.
ಅದನ್ನೇ ಜಪಿಸುತ್ತ ಬರುವಾಗ ಮೇಸ್ತ್ರಿ ಅಡ್ಡ ಬಂದು
ಇವತ್ತು ಎಷ್ಟು ಚೀಲ ಎಂದ.
ಮೂವತ್ತೆರಡು ಸಾವಿರದ, ಎಂದೆ.
ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

ಸಿಕ್ಕಿತು ಪ್ರತಿ.
ಸರಿಪಡಿಸಲೇ? ಹೌದು. ಸರಿಪಡಿಸಲೇ? ಹೌದು.
ಏನನ್ನು ಎಂದು ತಿಳಿಯದೆ ಇನ್ನೂರು ಸಲ ಹೌದು.
ಹೆಣ್ಣು ನೋಡಲು ಬಂದವರೆದುರೂ
ಇಷ್ಟು ತಲೆಯಾಡಿಸಿರಲಿಲ್ಲ ನಾನು.

ಕೊನೆಗೊಂದು ಫೋಲ್ಡರು: ಕಳೆದದ್ದು, ಸಿಕ್ಕಿದ್ದು.
ಒಳಗೆ ಜನವರಿಯ ಕಡತಗಳು, ಹೆಸರಿಲ್ಲ, ಬರೀ ನಂಬರು.
ಆಳಿಗೊಂದು ಕಡತ ಮಾಡಿದ್ದೆ, ಹೆಸರನ್ನು ಮೇಲೆ ಇಟ್ಟಿದ್ದೆ,
ಒಳಗೆ ಮತ್ಯಾಕೆ ಎಂದು ತಾರೀಕು, ಕಿಲೋ, ಅಷ್ಟೇ.
ಒಳಗಿನದು ಉಳಿಯಿತು. ಮೇಲಿನದು ಹೋಯಿತು.

ಸಂಜೆ ತೂಕದ ಹೊತ್ತಿಗೆ ಎಲ್ಲರನ್ನೂ ನಿಲ್ಲಿಸಿ ಓದಿದೆ.
ಇಪ್ಪತ್ತಮೂರು: ಎಲ್ಲರದೂ ಸೊನ್ನೆ.
ಅವತ್ತು ಕೆಳಗಿನ ಬ್ಲಾಕಿನಲ್ಲಿ ಆನೆ, ಎಂದರು ಒಟ್ಟಿಗೆ.
ಒಂಬತ್ತು ದಿನದ ಖಾಲಿ ಇರುವುದು?
ಚಾತೆ ಕೈಯೆತ್ತಿದಳು: ಮಗಳ ಹೆರಿಗೆ, ಮಡಿಕೇರಿ ಆಸ್ಪತ್ರೆ.
ಒಂಬತ್ತರಿಂದ ಶುರುವಾಗುವುದು ರಹಿಮಾಳದು,
ಅಸ್ಸಾಮಿನ ಜೀಪು ಬಂದದ್ದೇ ಅವತ್ತು.
ಎರಡು ಕಡತ ಅಚ್ಚುಗುದ್ದಿದಂತೆ ಒಂದೇ. ದಿನವೂ ಒಂದೇ ಕಿಲೋ.
ಪಣ್ಣಿಯೂ ಮುತ್ತಿಯೂ ನೆಲ ನೋಡಿದರು:
ಅಕ್ಕತಂಗಿ ಚೀಲ ಬೆರೆಸಿ ಸಮಕ್ಕೆ ಹಂಚುತ್ತಾರಂತೆ.
ಯಾವುದು ಯಾರದೆಂದು ಕೇಳಲಿಲ್ಲ.
ಕತ್ತಲಾಗುವಷ್ಟರಲ್ಲಿ ಒಬ್ಬೊಬ್ಬರೇ
ತಮ್ಮ ತಮ್ಮ ಜನವರಿಯನ್ನು ಗುರುತು ಹಿಡಿದು ಲೈನಿಗೆ ಹೋದರು.

ಒಂದು ಉಳಿಯಿತು.
ಎರಡು ಲಕ್ಷದ ಅರವತ್ತೆರಡು ಸಾವಿರದ ನೂರ ಅರವತ್ತೊಂದು.
ದೊಡ್ಡ ದೊಡ್ಡ ತೂಕ, ಎಂಬತ್ತು, ಎಂಬತ್ತಾರು,
ಹದಿನೆಂಟರಂದು ಎಪ್ಪತ್ನಾಲ್ಕು, ಆಮೇಲೆ ಏನಿಲ್ಲ.
ಹುಡುಗ, ಎಂದಳು ರಹಿಮಾ. ಭಾಯಿ ಅಂತಿದ್ದೆವು.
ಫೋನು ಬಂತು, ಬೆಳಿಗ್ಗೆ ಇರಲಿಲ್ಲ.
ಹೆಸರು?
ನೀವೇ ತಾನೆ ಬರೆದುಕೊಂಡದ್ದು ರೈಟರಮ್ಮ, ಎಂದ ಮೇಸ್ತ್ರಿ.

ಹೌದು, ಆಧಾರ್ ಕಾರ್ಡು ನೋಡಿ ನಾನೇ ಟೈಪು ಮಾಡಿದ್ದು.
ಕಾರ್ಡಿನ ಮೂಲೆ ಹರಿದಿತ್ತು, ಅದು ನೆನಪಿದೆ.

ಈಗ ಪ್ರತಿ ಕಡತದ ಮೊದಲ ಸಾಲಿನಲ್ಲಿ ಹೆಸರು ಬರೆಯುತ್ತೇನೆ,
ಬ್ಯಾಟರಿಗೆ ಮೂರನೇ ಇಂಡೆಂಟ್ ಹಾಕಿದ್ದೇನೆ.
ಅವನ ಲಕೋಟೆ ಬೀರುವಿನ ಮೇಲಿನ ಖಾನೆಯಲ್ಲಿದೆ,
ಹೆಸರಿನ ಜಾಗದಲ್ಲಿ ಆರಂಕಿಯ ಆ ನಂಬರು.
ಯಾರಾದರೂ ಬಂದು ಬಾಗಿಲಲ್ಲಿ ನಿಂತು
ಹದಿನೆಂಟನೇ ತಾರೀಕು, ಎಪ್ಪತ್ನಾಲ್ಕು ಕಿಲೋ, ಎಂದರೆ
ಬೇರೇನೂ ಕೇಳದೆ ಕೊಟ್ಟುಬಿಡುತ್ತೇನೆ.