ಗುಲಾಬಿ ಬತ್ತಿಯ ವಾರ

ಆಗಮನ ಕಾಲದ ಮೊದಲ ಭಾನುವಾರ
ತೆಂಗಿನ ಗರಟೆಯಲ್ಲಿ ರಾಗಿ ಬಿತ್ತಿದೆವು.
ನಾತಾಳಿಗೆ ಗೋದಲಿಯ ಸುತ್ತ ಹಸಿರು ಬೇಕಲ್ಲ.
ಎವಿಟಾ ನೀರು ಹಾಕಿದಳು, ರೆನ್ವಿಲ್ ಮತ್ತೆ ಹಾಕಿದ.
ಈ ಮನೆಯಲ್ಲಿ ಮೊಳಕೆಯೂ ಈಜು ಕಲಿತೇ ಹುಟ್ಟಬೇಕು.

ಸಂಜೆಗೊಂದು ಕಥೆ, ಅದು ಕರಾರು.
ಕೋಡಿಬಾಗದ ಈ ಜಗಲಿ,
ಕಾಳಿ ನದಿ ಕಡಲಿಗೆ ಸಿಗುವಲ್ಲಿಂದ
ಹತ್ತು ತೆಂಗಿನಮರ ಈಚೆ.
ನನ್ನ ಕೈಯಲ್ಲಿ ಪುಸ್ತಕವಿಲ್ಲ. ಓದು ನನಗೆ ಬಂದದ್ದು
ತಕ್ಕಡಿಯ ಕಲ್ಲಿನಷ್ಟು, ಬಸ್ಸಿನ ಬೋರ್ಡಿನಷ್ಟು.
ನನ್ನಮ್ಮ ಹೇಳಿದ್ದನ್ನು ಹೇಳುತ್ತೇನೆ.
ಅವಳು ಮೀನಬುಟ್ಟಿ ಹೊತ್ತು ನಡೆಯುತ್ತ ಹೇಳಿದ್ದು,
ಹಾಗಾಗಿ ನನ್ನ ಕಥೆಗಳಿಗೆ ಕೊಂಚ ಏದುಸಿರು.

ನೋವನ ನಾವೆ ಒಂದು ಸಂಜೆಗೆ ಮುಗಿಯಲಿಲ್ಲ.
ಯಾವ ಮರ, ಹಲಸೋ ಮತ್ತಿಯೋ?
ಇಂಜಿನ್ ಎಷ್ಟು ಸಿಲಿಂಡರಿನದು?
ಹುಲಿಗೆ ಊಟಕ್ಕೆ ಏನು, ಜಿಂಕೆಯಾ?
ಒಣಗಿಸಿದ ತಾರ್ಲೆ, ಎಂದೆ. ಒಪ್ಪಿಕೊಂಡರು.
ಮಲಗುವ ಮುಂಚೆ ರೆನ್ವಿಲ್:
ಹೊರಗೆ ಉಳಿದವರು ಬಾಗಿಲು ಬಡಿದಾಗ
ನೋವನಿಗೆ ನೋವಾಗಲಿಲ್ಲವಾ, ಮಾಯ್?
ದೀಪ ಆರಿಸಿದೆ.
ಎಪ್ಪತ್ತೊಂದು ವರ್ಷ ಈ ಕಥೆಯನ್ನು
ಬಾಗಿಲಿನ ಒಳಗಡೆ ಕೂತೇ ಕೇಳಿದವಳು ನಾನು.

ಯೋನನನ್ನು ನುಂಗಿದ್ದು ಇಸೋಣವಲ್ಲ,
ಇಸೋಣದ ಗಂಟಲು ಅಷ್ಟು ಅಗಲವಿಲ್ಲ.
ಇದನ್ನು ಪಾದ್ರಿಗಳಿಗೂ ನಾನೇ ತಿಳಿಸಿದ್ದೇನೆ.
ಮೂರು ದಿನ ಹೊಟ್ಟೆಯೊಳಗೆ? ವಾಸನೆ?
ಇತ್ತು ಮಗಾ, ನನ್ನ ಸೀರೆಯದೇ ವಾಸನೆ.
ಇಬ್ಬರೂ ಸೆರಗು ಮೂಸಿ ನಕ್ಕರು.

ಮೂರನೆಯ ವಾರ ಗುಲಾಬಿ ಬಣ್ಣದ ಬತ್ತಿ,
ಸಂತೋಷದ ವಾರ ಎನ್ನುತ್ತಾರೆ ಇಗರ್ಜಿಯಲ್ಲಿ.
ಧರ್ಮೋಪದೇಶದ ಕ್ಲಾಸು ಮುಗಿಸಿ ಬಂದವಳೇ ಎವಿಟಾ,
ಮಾಯ್, ನೀನೊಂದು ಕಥೆ ಹಾರಿಸಿದ್ದೀ.
ಅಬ್ರಹಾಮ, ಇಸಾಕ, ಬೆಟ್ಟ, ಕಟ್ಟಿಗೆ, ಚೂರಿ.

ಹಾರಿಸಿದ್ದೇನೆ.
ಹದಿನಾರು ವರ್ಷದಿಂದ ಆ ಬೆಟ್ಟ ನಾನು ಹತ್ತಿಲ್ಲ.
ನಿಮ್ಮಪ್ಪನಿಗೆ ಹೇಳಿದ್ದೆ, ಅವನಣ್ಣ ಇನಾಸನಿಗೂ,
ಒಂದೇ ಚಾದರದಡಿ ಇಬ್ಬರನ್ನೂ ತುರುಕಿ.
ಆಮೇಲೊಂದು ಆಗಸ್ಟು, ನಿಷೇಧ ಮುಗಿದು ನಾಲ್ಕು ದಿನ,
ಇನಾಸ ಬೈತಖೋಲದಲ್ಲಿ ಪರ್ಸೀನ್ ಬೋಟು ಹತ್ತಿದ.
ಪೊದೆಯಲ್ಲಿ ಟಗರು ಇರಲಿಲ್ಲ.
ಮೇಲಿನಿಂದ ಯಾರೂ ಹೆಸರು ಹಿಡಿದು ಕೂಗಲಿಲ್ಲ.

ಇದನ್ನೆಲ್ಲ ಮಕ್ಕಳೆದುರು ಹೇಳಲಿಲ್ಲ.
ಕತ್ತೆಗೆ ಜೀನು ಹಾಕಿದ್ದು, ಮೂರು ದಿನದ ದಾರಿ,
ಬೆಂಕಿ ಇದೆ, ಕಟ್ಟಿಗೆ ಇದೆ, ಕುರಿಮರಿ ಎಲ್ಲಪ್ಪಾ,
ಇಲ್ಲಿಯವರೆಗೆ ಬಂದೆ.
ಮರಳು ತಾಗಿದ ದೋಣಿಯ ಹಾಗೆ ದನಿ ನಿಂತಿತು.

ಅವನಮ್ಮ ಎಲ್ಲಿದ್ದಳು? ರೆನ್ವಿಲ್ ಕೇಳಿದ.
ಅದೆಲ್ಲ ಇಲ್ಲ, ಎಂದಳು ಎವಿಟಾ, ಟೀಚರ್ ಹೇಳಿಲ್ಲ.
ನನ್ನಮ್ಮನೂ ಹೇಳಿರಲಿಲ್ಲ.
ಆದರೆ ಇದೊಂದು ನನಗೆ ಗೊತ್ತಿತ್ತು.

ಸಾರಾ ಮನೆಯಲ್ಲಿದ್ದಳು.
ಮೂರೂ ದಿನ ಹೋದವರ ಪಾಲನ್ನೂ ಸೇರಿಸಿ
ಅಕ್ಕಿ ಅಳೆದಳು, ಅನ್ನ ಬಸಿದಿಟ್ಟಳು.
ನಾಯಿ ಬೊಗಳಿದಾಗಲೆಲ್ಲ ಹೊರಗೆ ಬಂದಳು.
ಬಂದನಾ?
ಬಂದ. ಇಸಾಕ ಬಂದ.
ಇಸಾಕ, ಎಂದೆ ಇನ್ನೊಮ್ಮೆ,
ಹೆಸರು ತಪ್ಪಬಾರದೆಂದು.

ಇಪ್ಪತ್ಮೂರಕ್ಕೆ ಗೋದಲಿ ಕಟ್ಟಿದೆವು.
ರಾಗಿ ಬೆರಳುದ್ದ ಬಂದಿತ್ತು, ಅರ್ಧ ಕೊಳೆತು.
ಒಂಟೆಯ ಕಾಲಿಗೆ ಹೋದ ವರ್ಷದ್ದೇ ಅಂಟು.
ಕುರಿಗಳ ಪಕ್ಕ ರೆನ್ವಿಲ್
ತನ್ನ ಪ್ಲಾಸ್ಟಿಕ್ ಬೋಟು ತಂದಿಟ್ಟ.
ಬೆತ್ಲೆಹೇಮಿನಲ್ಲಿ ಸಮುದ್ರ ಇಲ್ಲ ಕಣೋ!
ಇದು ದೊಡ್ಡಪ್ಪಂದು, ಎಂದ.
ಯಾರು ಹೇಳಿದ್ದರೋ ಅವನಿಗೆ. ನಾನಂತೂ ಅಲ್ಲ.

ಹುಲ್ಲು ಸರಿಸಿ ಜಾಗ ಮಾಡಿಕೊಟ್ಟೆ.
ಮಕ್ಕಳು ನಿದ್ದೆಹೋದ ಮೇಲೆ ಎದ್ದು ಬಂದು
ಬೋಟನ್ನು ಮೆಲ್ಲಗೆ ತಿರುಗಿಸಿದೆ,
ಮೂತಿ ಮನೆಯ ಕಡೆಗೆ.