ದಂಡು ಎಷ್ಟು?

ದೊಡ್ಡ ದೇಶದ ಕರ್ನಲ್ಲು, ಬಿಸಿಲಿಗೆ ಮೂಗು ಸುಲಿದವನು,
ಉಗ್ರಾಣದ ಬಾಗಿಲಲ್ಲಿ ನಿಂತು ಕೇಳಿದ:
ಸಾರ್ಜೆಂಟ್ ಕೆಲೆಪಿ, ನಿಮ್ಮ ದಂಡು ಎಷ್ಟು?
ಬ್ಯಾಂಡಿನವರನ್ನು ಸೇರಿಸಿಯೋ, ಬಿಟ್ಟೋ? ಎಂದೆ.
ಅವನು ನಕ್ಕ. ನಾನು ನಗಲಿಲ್ಲ.
ಟೋಂಗಾದಲ್ಲಿ ಅದು ನಿಜವಾದ ಪ್ರಶ್ನೆ.

ನಮ್ಮ ಅಷ್ಟೂ ಸೈನ್ಯವನ್ನು
ಭಾನುವಾರ ಒಂದೇ ಚರ್ಚಿನಲ್ಲಿ ಕೂರಿಸಬಹುದು,
ಹಿಂದಿನ ಬೆಂಚುಗಳು ಅತ್ತಿಗೆ ನಾದಿನಿಯರಿಗೆ ಉಳಿಯುತ್ತವೆ.
ನೆಲದ ಮೇಲೆ ನಡೆಯುವವರು, ನೀರಿನ ಮೇಲೆ ಹೋಗುವವರು,
ಅರಮನೆ ಗೇಟಿಗೆ ಕಲ್ಲಿನ ಹಾಗೆ ನಿಲ್ಲುವ ನಾಲ್ವರು,
ಒಂದು ಅಡುಗೆಮನೆ, ಒಂದು ನಾಯಿ.
ನಾಯಿಗೆ ರ‍್ಯಾಂಕಿಲ್ಲ; ಪೆರೇಡು ತಪ್ಪಿಸಿದ್ದೂ ಇಲ್ಲ.

ಆಫೀಸಿನ ಗೋಡೆಯ ಮೇಲೆ ಚೌಕ ಚೌಕ ಬರೆದು
ಗೆರೆ ಎಳೆದಿದ್ದಾರೆ, ಹುಕುಂ ಇಳಿಯುವ ಮೆಟ್ಟಿಲು.
ಮೇಲಿನ ಚೌಕದಲ್ಲಿ ಮೇಜರ್ ತಾನಿಯೇಲಾ,
ನನ್ನ ಸೋದರಮಾವನ ಮಗ.
ಬ್ಯಾರಕ್ಕಿನಲ್ಲಿ ಅವನಿಗೆ ನನ್ನ ಸೆಲ್ಯೂಟು.
ಸಾವಿನ ಮನೆಯಲ್ಲೋ, ಅಕ್ಕನ ಮಕ್ಕಳು ಮೇಲು:
ನಾನು ಒಳಗೆ ಚಾಪೆಯ ಮೇಲೆ,
ಅವನು ಹಿತ್ತಲ ಒಲೆಗುಂಡಿಯ ಹೊಗೆಯಲ್ಲಿ
ಕಣ್ಣೊರೆಸುತ್ತ ಹಂದಿ ಸುಡುತ್ತಾನೆ.
ಚೌಕಗಳ ಹಿಂದೆ ಇನ್ನೊಂದಿದೆ, ಕೇದಗೆ ಗರಿಯ ಹೆಣಿಗೆ.
ಯಾವ ಎಳೆ ಯಾವುದರ ಕೆಳಗೆ ನುಸುಳಿತೆಂದು
ಹೆಣೆದ ಹೆಂಗಸರಿಗಷ್ಟೇ ಗೊತ್ತು.

ಮರಳುಗಾಡಿಗೂ ಹೋಗಿ ಬಂದವರು ನಾವು,
ಕರ್ನಲ್ಲನ ಕಡೆಯವರ ಶಿಬಿರ ಕಾಯಲು.
ನಾಲ್ಕು ಮೂಲೆಗೆ ನಾಲ್ಕು ಗೋಪುರ,
ಒಂದೊಂದರಲ್ಲಿ ನಮ್ಮವನೊಬ್ಬ.
ನಡುರಾತ್ರಿ ರೇಡಿಯೋದಲ್ಲಿ ಯಾರೋ ಕೀರ್ತನೆ ಎತ್ತಿದ;
ಎರಡನೆಯ ಗೋಪುರ ಮಂದ್ರ ಹಿಡಿಯಿತು,
ಮೂರನೆಯದು, ನಾಲ್ಕನೆಯದು.
ಮಾರನೆಯ ದಿನ ಲಿಖಿತ ಎಚ್ಚರಿಕೆ ಬಂತು.
ಇನ್ನೂ ಫೈಲಿನಲ್ಲಿದೆ, ಬೇಕಾದರೆ ತೋರಿಸುತ್ತೇನೆ.

ಮತ್ತೆ, ಸಮುದ್ರ ಬಾಯಿ ತೆರೆದ ದಿನ.
ಸಂಜೆಗೆ ಮೊದಲೇ ರಾತ್ರಿಯಾಯಿತು.
ದಂಡಿಗೆ ದಾಳಿಗೆ ಬೆದರದ ಹಂದಿಗಳು
ಆಕಾಶದಿಂದ ಬೂದಿ ಸುರಿದಾಗ ಚರ್ಚಿನೊಳಗೆ ನುಗ್ಗಿದವು.
ಕೋವಿಮನೆಯ ಬೀಗ ಯಾರೂ ಕೇಳಲಿಲ್ಲ.
ಯಾರಿಗೆ ಗುರಿ ಇಡುವುದು, ಬೂದಿಗೋ?
ಸಹಿ ಮಾಡಿಸಿಕೊಂಡು ನಾನು ಕೊಟ್ಟದ್ದು:
ಸಲಿಕೆ ನಲವತ್ತೊಂದು, ಡ್ರಮ್ಮು, ತಾಡಪಾಲು,
ತೆಂಗಿನಕಡ್ಡಿ ಪೊರಕೆ ಅರವತ್ತು.
ನಮಗೆ ಹೊಳೆಯಿಲ್ಲ. ಮಾಡಿನ ಮೇಲೆ ಬಿದ್ದ ಮಳೆಯೇ
ತೊಟ್ಟಿಗಿಳಿದು ಕುಡಿಯುವ ನೀರು;
ಮಾಡು ಕೊಳೆಯಾದರೆ ದೇಶಕ್ಕೆ ಬಾಯಾರಿಕೆ.

ಕಾರ್ಪೊರಲ್ ಸೆಮಿಸಿ, ಬ್ಯಾಂಡಿನಲ್ಲಿ ಯೂಫೋನಿಯಂ,
ಹನ್ನೊಂದು ದಿನ ಮಾಡು ಗುಡಿಸಿದ, ಮೂತಿಗೆ ಬರೀ ಅಂಗಿ ಸುತ್ತಿ.
ನಾನು ದೋಣಿಯಲ್ಲಿ ಹೊರದ್ವೀಪಕ್ಕೆ ಡ್ರಮ್ಮು ಒಯ್ದೆ.
ದಡದಲ್ಲಿ ಮೆಲೆಯಾನೆ ಅಜ್ಜಿ,
ಮನೆ ಇದ್ದ ಜಾಗದಲ್ಲಿ ಕುರ್ಚಿ ಹಾಕಿ ಕೂತಿದ್ದಳು.
ಲೋಟ ಚಾಚುವ ಮೊದಲು ಕೇಳಿದಳು:
ಯಾರ ಮಗ ನೀನು?
ಹೇಳಿದೆ.
ನಿನ್ನ ಅಮ್ಮ ನನಗೊಂದು ಚಾಪೆ ಬಾಕಿ, ಎಂದು ಗಟಗಟ ಕುಡಿದಳು.

ಸೆಮಿಸಿಗೆ ಈಗ ಉಸಿರು ಸಾಲದು. ತಾಳ ಕೊಟ್ಟಿದ್ದಾರೆ.
ಅವನ ಯೂಫೋನಿಯಂ ಮೂರನೆಯ ಕಪಾಟಿನಲ್ಲಿ;
ತನಿಖೆಗೆ ಇಳಿಸಿ ಬೋರಲು ಹಾಕಿದಾಗೆಲ್ಲ
ಇಷ್ಟೇ ಇಷ್ಟು ಬೂದಿ ಉದುರುತ್ತದೆ,
ಪ್ರತಿ ಸಲ ಇದೇ ಕೊನೆಯದು ಎನ್ನಿಸುವಷ್ಟು.
ಯಾವ ಕಾಲಮ್ಮಿನಲ್ಲಿ ಬರೆಯಲಿ ಅದನ್ನು?

ಕರ್ನಲ್ಲು ಇನ್ನೂ ಪೆನ್ನು ಹಿಡಿದು ನಿಂತಿದ್ದ.
ಕೋವಿಗಳ ಸಂಖ್ಯೆ ಕೊಟ್ಟೆ, ಅದು ಸುಲಭ,
ರಾತ್ರಿ ರಾತ್ರಿ ಎಣಿಸುತ್ತೇನೆ, ಒಂದೂ ಹೆಚ್ಚು ಕಮ್ಮಿಯಾಗಿಲ್ಲ.
ಪೊರಕೆಯ ವಿಷಯ ಹೇಳಲಿಲ್ಲ.
ಅರವತ್ತರಲ್ಲಿ ಹದಿನೇಳು ವಾಪಸು ಬಂದಿಲ್ಲ.
ಒಂದು ಎಲ್ಲಿದೆಯೆಂದು ನನಗೆ ಗೊತ್ತು,
ಅಜ್ಜಿಯ ಹೊಸ ಮನೆಯ ಬಾಗಿಲ ಹಿಂದೆ.
ಹೋದ ತಿಂಗಳು ಚಾಪೆ ಕೊಡಲು ಹೋದಾಗ ಕಂಡೆ.
ಕೇಳಲಿಲ್ಲ.