ಸ್ವಸಂತೋಷದಿಂದ

ಬಾದಾಮಿಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು
ತಗಡಿನ ನೆರಳು, ಒಂದು ಮೇಜು, ಮೂರು ಕುರ್ಚಿ,
ಕಾಗದದ ಮೇಲೊಂದು ಕೆಂಪು ಕಲ್ಲು.
ಗಾಳಿಗಲ್ಲ, ಮಂಗ್ಯಾಗಳಿಗೆ.
ಹೋದ ವರ್ಷ ಒಂದು ಮಂಗ್ಯಾ
ನಾಲ್ಕೆಕರೆಯ ಖರೀದಿಪತ್ರ ಒಯ್ದು
ಬೇವಿನ ತುದಿಗೆ ಕೂತು ಓದಿದಂತೆ ಮಾಡಿ
ರುಚಿಯಿಲ್ಲವೆಂದು ಕೆಳಗೆ ಬಿಟ್ಟಿತ್ತು.

ಮೂವತ್ತೊಂದು ವರ್ಷ ನಾನು
ಮಂದಿಯ ಮನೆ, ಹೊಲ, ಹಿತ್ತಲು ಬರೆದವನು.
ಬಾಂಡಿನ ದಾವಲಸಾಬ ಅಂದರೆ
ಗುಳೇದಗುಡ್ಡದ ತನಕ ಗುರುತು.
ನನ್ನ ಹೆಸರಿನ ಮೇಲಿರುವುದು ಮಾತ್ರ
ಒಂದು ಸೈಕಲ್ಲು, ಒಂದು ಲೈಸೆನ್ಸು.

ಬುಧವಾರ ಕಮಲವ್ವ ಬಂದಳು,
ಅಣ್ಣ ಮಲಕಾಜಪ್ಪನ ಸ್ಕೂಟರಿನ ಹಿಂದೆ.
ಅವನು ಫೋನು ಕಿವಿಗಿಟ್ಟು ಚಾದಂಗಡಿಗೆ ಹೋದ.
ಅವಳು ಕುರ್ಚಿಯ ತುದಿಗಷ್ಟೇ ಕೂತಳು.
ಹಕ್ಕು ಬಿಡುಗಡೆ ಪತ್ರ. ಅಪ್ಪನ ಮನೆ,
ಎರಡು ಅಂಕಣ, ಒಂದು ಕುಣಿಮಗ್ಗ.

"ಕಾಯ್ದೇದಾಗ ನಿಮಗೂ ಸರಿಪಾಲು ಐತಿ, ಗೊತ್ತೈತೇನ್ರಿ?"
ಎಲ್ಲ ಹೆಣ್ಣುಮಕ್ಕಳನ್ನೂ ಇದನ್ನು ಕೇಳುತ್ತೇನೆ,
ಅಣ್ಣಂದಿರು ಚಾಕ್ಕೆ ಹೋದಾಗ.
"ಗೊತ್ತೈತ್ರಿ. ಮಗಳು ಮೊಬೈಲಿನಾಗ ಓದಿ ಹೇಳ್ಯಾಳ."
ಮತ್ಯಾಕ ಎಂದು ಕೇಳುವುದು
ನನ್ನ ಫೀಜಿನೊಳಗೆ ಬರುವುದಿಲ್ಲ.

ಚಕ್ಕುಬಂದಿ ಹೇಳಿದಳು ಕಣ್ಣುಮುಚ್ಚಿ:
ಪೂರ್ವಕ್ಕೆ ಚಿಂದಿಯವರ ಗ್ವಾಡಿ,
ಪಶ್ಚಿಮಕ್ಕೆ ಹಾದಿ,
ಉತ್ತರಕ್ಕೆ ನೂಲಿಗೆ ಬಣ್ಣ ಹಾಕುವ ಹೊಂಡ,
"ದಕ್ಷಿಣಕ್ಕ ನಮ್ಮವ್ವ."
ನನ್ನ ಪೆನ್ನು ನಿಂತಿತು.
"ಅಂದ್ರ, ಅಕಿ ಕಂಡಿಕಿ ಸುತ್ತತಿದ್ದ ಕಟ್ಟಿ."
ಕಟ್ಟೆ, ಎಂದು ಬರೆದೆ.

ರೇಷ್ಮಾ ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ತೆರೆದು
ಖಾಲಿ ಬಿಟ್ಟ ಕಡೆ ಹೆಸರು ತುಂಬಿದಳು.
ನಾನು ಗಟ್ಟಿಯಾಗಿ ಓದಿದೆ:
"ಶ್ರೀಮತಿ ಕಮಲವ್ವ ಕೋಂ ಶಂಕ್ರಪ್ಪ ರಾಜನಾಳ,
ಯಾರ ಒತ್ತಾಯಕ್ಕೂ ಒಳಪಡದೆ, ಸ್ವಸಂತೋಷದಿಂದ..."

"ನಿಂದರ್ರಿ," ಅಂದಳು.
"ಒತ್ತಾಯ ಇಲ್ಲ, ಅದು ಖರೇ.
ಸಂತೋಷ ಇಲ್ಲ, ಅದೂ ಖರೇ.
ಎರಡರ ನಡುವ ಒಂದು ಶಬ್ದ ಇದ್ರ ಹಾಕ್ರಿ.
ರೊಕ್ಕ ಕೊಡೂದು ಅದಕ್ಕ ಅಲ್ಲೇನ್ರಿ?"

ರೇಷ್ಮಾ ನಕ್ಕಳು. ನನಗೆ ನಗು ಬರಲಿಲ್ಲ.
ಎಷ್ಟು ಸಲ ಬರೆದೆನೋ ಆ ಶಬ್ದ!
ಮೂಗು ಒರೆಸಿಕೊಳ್ಳುತ್ತ ಕೂತವರ ಹೆಸರಿನ ಮುಂದೆ,
ಮಗನೇ ಹೆಬ್ಬೆರಳು ಹಿಡಿದು ಒತ್ತಿಸಿದ ಮುದುಕನ ಮುಂದೆ.
ಉಪ್ಪಿನ ಹಾಗೆ ಹಾಕುತ್ತ ಬಂದೆ, ರುಚಿ ನೋಡದೆ.
ಕೆಳಗೆ ಬಿಕಲಂ ಎಂದು ನನ್ನ ಸಹಿ.

ಗುರು ಬಿಟ್ಟುಹೋದ ಹಳೆಯ ವಹಿ ತೆಗೆದೆ.
ರಾಜಿಖುಷಿ. ಅದರಲ್ಲೂ ಖುಷಿ.
ಸ್ವಇಚ್ಛೆ. ತುಸು ಹೊತ್ತು ರಸ್ತೆ ನೋಡಿ
"ಅದು ಸಾಹೇಬ್ರಿಗೆ ಬೇಕಂದ್ರ ಇರ್ಲಿ" ಅಂದಳು.
ಅಕಲ್ ಹುಷಾರಿ. ಇದಕ್ಕೆ ತಲೆ ಹಾಕಿದಳು.
"ಹುಷಾರಿ ಐತಿ. ಇಡ್ರಿ."
ಕಡೆಗೆ ನಿಂತದ್ದು:
ಸ್ವಇಚ್ಛೆಯಿಂದ, ತಿಳಿದು, ಅಳೆದು, ಅಕಲ್ ಹುಷಾರಿಯಿಂದ.
ಮಲಕಾಜಪ್ಪ ಬಂದು ಓದಿದ. ಅಳೆದು ಎಂಬಲ್ಲಿ
ಒಂದು ಗಳಿಗೆ ನಿಂತು, ಪುಟ ತಿರುವಿದ.

ಒಳಗೆ ಯಂತ್ರ ಅವಳ ಹೆಬ್ಬೆರಳನ್ನು ನಂಬಲಿಲ್ಲ.
ನಲವತ್ತು ವರ್ಷ ಎಳೆ ಹಿಡಿದು
ಗೆರೆಗಳೇ ಸವೆದಿದ್ದವು.
ಒರೆಸಿ, ಎಣ್ಣೆ ಹಚ್ಚಿ, ಮತ್ತೆ ಒರೆಸಿ
ನಾಲ್ಕನೆಯ ಸಲಕ್ಕೆ ಹಸಿರು ದೀಪ.
"ನಿಮ್ಮ ಇಚ್ಛೆಯಿಂದಲೇ ಏನಮ್ಮ?" ಎಂದರು ಸಾಹೇಬರು.
"ಅದರಾಗ ಬರದೈತಿ, ಓದ್ರಿ."

ಮರುದಿನ ಕೆರೂರಿನ ಒಬ್ಬ ಮುದುಕ,
ಬಾಯಿತುಂಬ ಎಲೆಅಡಿಕೆ, ಸೊಸೆಯ ಹೆಸರಿಗೆ
ಹಿಟ್ಟಿನ ಗಿರಣಿ ಬರೆದುಕೊಡಲು ಬಂದ.
ಓದಿ ಮುಗಿಸಿದೆ. ಅವನು ಪಿಚಕ್ಕನೆ ಉಗುಳಿ ಬಂದು
"ಸಂತೋಷ ಎಲ್ಲಿ ಹೋತೋ ದಾವಲ್ಯಾ?
ಗಿರಣಿ ನಾ ಕೊಂಡಾಗ ಹಾಕಿದ್ದಿ!"
ನೋಡಿದರೆ, ರೇಷ್ಮಾ ನಿನ್ನೆಯದನ್ನೇ
ಫಾರ್ಮ್ಯಾಟಿನ ಮೇಲೆ ಸೇವ್ ಮಾಡಿಬಿಟ್ಟಿದ್ದಳು.

ಸಾಲಿನ ಮೇಲೆ ಪೆನ್ನಿನಿಂದ ಸೇರಿಸಿದೆ.
ಕೈಬರಹದ ತಿದ್ದುಪಡಿಗೆ ಪಕ್ಕದಲ್ಲಿ ಸಹಿ ಬೇಕು.
ಹಾಕಿದ ಮುದುಕ, ದೊಡ್ಡದಾಗಿ,
ಅಂಚಿನ ಗೆರೆ ದಾಟಿ,
ಮೇಜಿನ ಮೇಲೂ ಒಂದಿಷ್ಟು.